ಸರದಿ ಮತ್ತು ಕ್ಷಣ

ಕಳೆದ ಬೇಸಿಗೆ ರಜೆಯಲ್ಲಿ ಕಂಬಂನ ನಮ್ಮ ಮನೆಯ ಜಗಲಿಯ ಮೇಲೆ ಮೊಮ್ಮಕ್ಕಳಿಬ್ಬರ ನಡುವೆ ಒಂದು ವಾದ ಹುಟ್ಟಿತು. ಹಿರಿಯವನು ಮಗಳ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಿರಿಯವನು ಮಗನ ಮಗ, ದಿಂಡಿಗಲ್ಲಿನಲ್ಲಿ ಹತ್ತನೆಯ ತರಗತಿ. ವಾದದ ವಿಷಯ ರಾಜಕೀಯವೂ ಅಲ್ಲ, ಸಿನಿಮಾವೂ ಅಲ್ಲ. ಕಂಪ್ಯೂಟರಿನಲ್ಲಿ ಆಡುವ ಒಂದು ಬಗೆಯ ಯುದ್ಧದಾಟ.

“ಯುದ್ಧದಲ್ಲಿ ಯಾರಾದ್ರೂ ಸರದಿ ಕಾಯ್ತಾರಾ ತಾತ? ಇವನು ಹೊಡೆಯೋವರೆಗೂ ಅವನು ಸುಮ್ನೆ ನಿಂತಿರ್ತಾನಾ?” ಎಂದು ಕಿರಿಯವನು ಕೇಳಿದ.

“ನೀನು ಆಡೋದು ಬರೀ ಬೆರಳಿನ ಓಟ ಕಣೋ. ಅದರಲ್ಲಿ ತಲೆಗೆ ಏನು ಕೆಲಸ?” ಎಂದು ಹಿರಿಯವನು ತಿರುಗಿಸಿದ.

ತೀರ್ಪು ಹೇಳುವ ಪೀಠದಲ್ಲಿ ನನ್ನನ್ನು ಕೂರಿಸಿದರು. ಆಗ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಕ್ಕಳ ಆಟದ ಪ್ರಶ್ನೆಯೆಂದು ನಾನು ಬಗೆದದ್ದು ನನ್ನ ಬಾಳಿನದೇ ಒಂದು ಹಳೆಯ ಗಾಯಕ್ಕೆ ಸಂಬಂಧಿಸಿದ್ದೆಂದು ತಿಳಿಯಲು ಕೆಲವು ದಿನಗಳು ಬೇಕಾದವು. ಸಂಘದ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಕೇಳಿದಾಗ ಅದನ್ನೇ ಬರೆಯುವುದು ಯೋಗ್ಯವೆನಿಸಿತು.

ವಿಷಯವನ್ನರಿಯದ ನನ್ನ ವಯಸ್ಸಿನವರಿಗಾಗಿ ಎರಡು ಮಾತು. ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ತಾನೇ ವಹಿಸಿಕೊಂಡು ಸಾಗುವ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇವುಗಳ ಮೂಲಪುರುಷ. ಅದಕ್ಕೆ ಯಂತ್ರ ಬೇಕಿರಲಿಲ್ಲ. ಮೇಜಿನ ಸುತ್ತ ಕುಳಿತ ಗೆಳೆಯರು, ದಾಳಗಳು ಮತ್ತು ಒಬ್ಬೊಬ್ಬರಿಗೆ ಒಂದೊಂದು ಸರದಿ. ಜಪಾನಿನ ಡ್ರ್ಯಾಗನ್ ಕ್ವೆಸ್ಟ್ 1986ರಲ್ಲಿಯೂ ಫೈನಲ್ ಫ್ಯಾಂಟಸಿ 1987ರಲ್ಲಿಯೂ ಬಂದಾಗ ಅವೂ ಸರದಿಯನ್ನೇ ಅನುಸರಿಸಿದವು. ಎಷ್ಟು ಹೊತ್ತು ಯೋಚಿಸಿದರೂ ವೈರಿ ಕತ್ತಿಯೆತ್ತಿ ಕಾಯುತ್ತ ನಿಂತಿರುತ್ತಾನೆ. 1991ರಲ್ಲಿ ಬಂದ ನಾಲ್ಕನೆಯ ಫೈನಲ್ ಫ್ಯಾಂಟಸಿಯಲ್ಲಿ ಹಿರೊಯುಕಿ ಇತೊ ಎಂಬವರು ಈ ಪದ್ಧತಿಯನ್ನು ಬದಲಿಸಿದರು. ಪ್ರತಿ ಪಾತ್ರಕ್ಕೂ ಅದರದೇ ವೇಗ. ನೀವು ಯೋಚಿಸುತ್ತ ಕುಳಿತರೆ ವೈರಿಯ ಸಮಯ ತುಂಬಿ ಅವನು ಹೊಡೆದೇ ಬಿಡುತ್ತಾನೆ. ಫಾರ್ಮುಲಾ ಒನ್ ಕಾರುಗಳು ಒಂದನ್ನೊಂದು ಹಿಂದೆ ಹಾಕುವುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ. 1998ರ ಬಾಲ್ಡರ್ಸ್ ಗೇಟ್ ನಡುವಿನ ದಾರಿ ಹಿಡಿಯಿತು: ಯುದ್ಧ ಎಡೆಬಿಡದೆ ನಡೆಯುತ್ತದೆ, ಆದರೆ ಒಂದು ಗುಂಡಿಯನ್ನೊತ್ತಿ ಕಾಲವನ್ನೇ ನಿಲ್ಲಿಸಿ ಆಜ್ಞೆ ಕೊಡಬಹುದು. ಸ್ವಾರಸ್ಯವೆಂದರೆ 2023ರಲ್ಲಿ ಈ ಎರಡು ಮನೆತನಗಳೂ ಪರಸ್ಪರ ದಾರಿ ಬದಲಿಸಿದವು. ಹದಿನಾರನೆಯ ಫೈನಲ್ ಫ್ಯಾಂಟಸಿ ಸರದಿಯನ್ನು ಬಿಟ್ಟು ಪೂರ್ತಿಯಾಗಿ ತತ್‌ಕ್ಷಣದ ಕಾಳಗವಾಯಿತು. ಮೂರನೆಯ ಬಾಲ್ಡರ್ಸ್ ಗೇಟ್ ಸರದಿಗೆ ಮರಳಿತು. ಹಾಗಾಗಿ ನಮ್ಮ ಜಗಲಿಯ ವಾದ ಲೋಕದ ವಾದವೂ ಹೌದು. ಕಾಲ ಸರಿದಂತೆ ಒಂದು ಗೆದ್ದು ಇನ್ನೊಂದು ಅಳಿದುಹೋಗುವ ಬಗೆಯ ವಾದವೂ ಇದಲ್ಲ.

ಸರದಿಯ ಪರವಾಗಿ ಮೊದಲು ಹೇಳುತ್ತೇನೆ. ನಮ್ಮ ಹಿರಿಯರು ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಆಡು-ಹುಲಿ ಆಟವನ್ನು ನೆನೆಯಿರಿ. ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನಬಲ್ಲದು. ಆಡಿಗೆ ತಿನ್ನುವ ಶಕ್ತಿಯಿಲ್ಲ, ಸುತ್ತುಗಟ್ಟುವುದಷ್ಟೇ ಅದರ ಬಲ. ಆದರೂ ಎಚ್ಚರದಿಂದ ಆಡಿದರೆ ಆಡುಗಳು ಹುಲಿಗಳನ್ನು ಕಟ್ಟಿಹಾಕುತ್ತವೆ. ಇದು ಸಾಧ್ಯವಾಗುವುದು ಹುಲಿಗೆ ಒಂದು ನಡೆಯಾದ ಮೇಲೆ ಆಡಿಗೂ ಒಂದು ನಡೆ ಎಂಬ ನಿಯಮವಿರುವುದರಿಂದ. ಆ ನಿಯಮವನ್ನು ತೆಗೆದುಹಾಕಿದರೆ ಉಳಿಯುವುದು ಹುಲಿಯ ಊಟ ಮಾತ್ರ. ಸರದಿಯೆಂದರೆ ಬಲಹೀನನಿಗೂ ಬಲಶಾಲಿಗೂ ಕಾಲವನ್ನು ಸಮನಾಗಿ ಹಂಚುವ ವ್ಯವಸ್ಥೆ.

ಇದನ್ನು ನಮ್ಮ ಕಣಿವೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1895ರಲ್ಲಿ ಪೆನ್ನಿಕ್ವಿಕ್ ಅವರ ಶ್ರಮದಿಂದ ಪೆರಿಯಾರ್ ಅಣೆಕಟ್ಟು ಮುಗಿದು, ಪಡುವಣ ಕಡಲಿಗೆ ಹೋಗುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಈ ಕಡೆಗೆ ತಿರುಗಿತು. ಇಂದಿಗೂ ಕಂಬಂ ಕಣಿವೆಯ 14,707 ಎಕರೆ ಎರಡು ಬೆಳೆಯ ಭೂಮಿ ಆ ನೀರನ್ನೇ ನೆಚ್ಚಿಕೊಂಡಿದೆ. ನೀರು ಕಡಿಮೆಯಾದಾಗ ಕಾಲುವೆಯ ತಲೆಯಲ್ಲಿರುವವನು ಹುಲಿ, ಕೊನೆಯಲ್ಲಿರುವವನು ಆಡು. ಅವರಿಬ್ಬರ ನಡುವೆ ನಿಲ್ಲುವುದು ಸರದಿಯೊಂದೇ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬೆಳೆದ ನಮಗೆ ಇದಕ್ಕೆ ತಮಿಳಿನಲ್ಲಿರುವ ‘ಮುರೈ’ ಎಂಬ ಪದವೂ ಗೊತ್ತು. ಅದಕ್ಕೆ ಸರದಿಯೆಂಬ ಅರ್ಥವೂ ಉಂಟು, ಕ್ರಮ ಮತ್ತು ನ್ಯಾಯವೆಂಬ ಅರ್ಥವೂ ಉಂಟು. ಬಂಧುಗಳ ನಡುವಿನ ವಾವೆಗೂ ಅದೇ ಪದ. ಸರದಿ, ನ್ಯಾಯ, ನಂಟು ಮೂರನ್ನೂ ಒಂದೇ ಪದದಲ್ಲಿಟ್ಟ ಜನರ ವಿವೇಕ ಸಣ್ಣದಲ್ಲ.

ಮಹಾಭಾರತದಲ್ಲಿ ಅಭಿಮನ್ಯುವಿನ ವಧೆ ಇಂದಿಗೂ ನಮ್ಮ ಕರುಳನ್ನು ಹಿಂಡುವುದು ಇದೇ ಕಾರಣಕ್ಕೆ. ಯುದ್ಧದಲ್ಲಿ ಸಾವು ಹೊಸದಲ್ಲ. ಆದರೆ ಒಬ್ಬನೊಡನೆ ಒಬ್ಬನು ಎಂಬ ನಿಯಮವನ್ನು ಮುರಿದು ಮಹಾರಥರು ಒಟ್ಟಾಗಿ ಒಬ್ಬ ಹುಡುಗನನ್ನು ಮುತ್ತಿದರು. ಮುಂದೆ ರಥದ ಗಾಲಿ ಹೂತುಹೋದಾಗ ಕರ್ಣನು ಧರ್ಮದ ಹೆಸರಿನಲ್ಲಿ ತುಸು ಕಾಲಾವಕಾಶ ಬೇಡುತ್ತಾನೆ. ಕೃಷ್ಣನು ಆಗ ನೆನಪಿಸುವ ಅನ್ಯಾಯಗಳಲ್ಲಿ ಅಭಿಮನ್ಯುವಿನದೂ ಒಂದು. ಪರರ ಸರದಿಯನ್ನು ಕಸಿದವನಿಗೆ ತನ್ನ ಸರದಿಯನ್ನು ಕೇಳುವ ನಾಲಗೆ ಉಳಿಯುವುದಿಲ್ಲ.

ಹಾಗಾದರೆ ಹಿರಿಯ ಮೊಮ್ಮಗನೇ ಗೆದ್ದನೇ? ಇಲ್ಲ. ಕಿರಿಯವನ ಮಾತಿನಲ್ಲಿಯೂ ತೂಕವಿದೆ. ನಮ್ಮ ಜಿಲ್ಲೆಯ ಅಯ್ಯಂಪಟ್ಟಿಯಲ್ಲೋ ಪಲ್ಲವರಾಯನ್‌ಪಟ್ಟಿಯಲ್ಲೋ ಜಲ್ಲಿಕಟ್ಟು ನೋಡಿದವರಿಗೆ ಗೊತ್ತು: ಬಾಗಿಲು ತೆರೆದು ಹೊರನುಗ್ಗಿದ ಹೋರಿ ಯಾರ ಸರದಿಯನ್ನೂ ಕೇಳುವುದಿಲ್ಲ. ಅದರ ಹಿಣಿಲನ್ನು ಹಿಡಿಯಬೇಕಾದ ಕ್ಷಣ ಒಂದೇ, ಅದು ತಪ್ಪಿದರೆ ಮತ್ತೆ ಬಾರದು. ಬಾವಿಯಂಚಿಗೆ ತೆವಳಿದ ಮಗುವನ್ನು ಎಳೆದುಕೊಳ್ಳುವವನು ಸಾಧಕಬಾಧಕಗಳನ್ನು ಎಣಿಸುತ್ತ ನಿಲ್ಲುವುದಿಲ್ಲ. ಅಲ್ಲಿ ಯೋಚನೆಗೆ ತಡೆದವನು ಏನನ್ನೂ ಮಾಡದವನಲ್ಲ. ಮಗು ಬೀಳಲೆಂದು ಬಿಟ್ಟವನು. ತತ್‌ಕ್ಷಣದ ಆಟ ಕಲಿಸುವ ನೀತಿ ಇದು: ಸುಮ್ಮನಿರುವುದೂ ಒಂದು ನಡೆಯೇ, ಅದಕ್ಕೂ ಲೆಕ್ಕವುಂಟು.

ಇನ್ನೊಂದು ಮಾತು. ಯೋಚಿಸಲು ಸಮಯ ಸಿಕ್ಕಮಾತ್ರಕ್ಕೆ ಯೋಚನೆ ಬಂದೀತೆಂಬ ಭರವಸೆಯಿಲ್ಲ. ಧರ್ಮರಾಯನ ಜೂಜು ಸರದಿಯ ಆಟವೇ ಆಗಿತ್ತು. ಒಂದೊಂದು ದಾಳ ಬಿದ್ದ ಮೇಲೂ ಮುಂದೇನು ಪಣ ಎಂಬ ಪ್ರಶ್ನೆಯಿತ್ತು, ಬಿಡುವಿತ್ತು, ಬೇಡವೆನ್ನುವ ವಿದುರನೂ ಸಭೆಯಲ್ಲಿದ್ದನು. ಆದರೂ ಐಶ್ವರ್ಯ, ರಾಜ್ಯ, ತಮ್ಮಂದಿರು, ತಾನು, ಕಡೆಗೆ ದ್ರೌಪದಿ, ಹೀಗೆ ಒಂದೊಂದೇ ಸರದಿಗೆ ಒಂದೊಂದನ್ನು ಕಳೆದನು. ಅತ್ತ ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ರಥ ನಿಲ್ಲಿಸಿಕೊಂಡ ಅರ್ಜುನನು ಸಿಕ್ಕ ಬಿಡುವಿನಲ್ಲಿ ತನ್ನ ಸಂಶಯಗಳನ್ನೆಲ್ಲ ತೆರೆದಿಟ್ಟು ಕೇಳಿದನು. ಹದಿನೆಂಟು ಅಧ್ಯಾಯಗಳ ಗೀತೆ ಹುಟ್ಟಿದ್ದು ಹಾಗೆ ನಿಂತ ಕಾಲದಲ್ಲಿ. ಮೊಮ್ಮಕ್ಕಳಿಗೆ ಇದನ್ನು ಹೇಳಿದಾಗ “ಅಂದ್ರೆ ಕೃಷ್ಣ ಪಾಸ್ ಬಟನ್ ಒತ್ತಿದ್ದ!” ಎಂದು ಇಬ್ಬರೂ ನಕ್ಕರು. ನಗುವಿನ ಮಾತಾದರೂ ಸುಳ್ಳಲ್ಲ. ಬಿಡುವು ಇಬ್ಬರಿಗೂ ಸಿಕ್ಕಿತ್ತು. ಒಬ್ಬನು ಅದರಲ್ಲಿ ತನ್ನನ್ನು ನೋಡಿಕೊಂಡನು, ಇನ್ನೊಬ್ಬನು ಮುಂದಿನ ದಾಳವನ್ನಷ್ಟೇ ನೋಡಿದನು.

ಇಷ್ಟರವರೆಗೆ ಬರೆದದ್ದು ಎರಡೂ ಪಕ್ಷಗಳ ವಾದ. ಇನ್ನು ನನ್ನ ಕಥೆ.

ನನಗೂ ನನ್ನ ಅಣ್ಣನಿಗೂ ಅಕ್ಕಪಕ್ಕದಲ್ಲಿ ಗದ್ದೆಯಿತ್ತು, ಒಂದೇ ಕಾಲುವೆಯ ನೀರು. ಮಳೆ ಹಿಂದೆಗೆದ ಒಂದು ವರ್ಷ ರಾತ್ರಿಯ ಸರದಿ ನನ್ನದಾಗಿತ್ತು. ಹೊತ್ತು ಮೂಡುವ ಮುನ್ನ ಹೋಗಿ ನೋಡಿದರೆ ನನ್ನ ಗದ್ದೆ ಅರ್ಧ ಒಣಗಿದೆ, ಅಣ್ಣನ ಗದ್ದೆಯಲ್ಲಿ ನೀರು ನಿಂತಿದೆ. ಅಣ್ಣ ಅಲ್ಲಿಯೇ ಬದುವಿನ ಮೇಲಿದ್ದ. ನೀರುಗಂಟಿ ಮತ್ತು ನಾಲ್ಕಾರು ಜನರ ಎದುರಿನಲ್ಲಿ ನಾನು ಅವನನ್ನು ‘ನೀರುಗಳ್ಳ’ ಎಂದೆ. ಅವನು ಉತ್ತರ ಕೊಡಲಿಲ್ಲ. ನಾನು ಕೈಯಲ್ಲಿದ್ದ ಸನಿಕೆಯನ್ನು ಕಾಲುವೆಗೆ ಎಸೆದೆ. ಅದರ ಕಾವು ಕಲ್ಲಿಗೆ ಬಡಿದು ಮುರಿಯಿತು. ಹಾಗೆಯೇ ಬಿಟ್ಟು ಮನೆಗೆ ಬಂದೆ. ಬೆಳಕು ಹರಿದ ಮೇಲೆ ನೋಡಿದರೆ ನಡುವಣ ಬದುವಿನಲ್ಲಿ ಏಡಿ ಬಿಲ ತೋಡಿತ್ತು. ರಾತ್ರಿಯೆಲ್ಲ ನೀರು ಅದರ ಮೂಲಕ ಆ ಕಡೆಗೆ ಸೋರಿತ್ತು. ಅಣ್ಣ ಅಲ್ಲಿಗೆ ಬಂದದ್ದು ಅದನ್ನು ಮುಚ್ಚಲೆಂದು.

ತಪ್ಪು ನನ್ನದೆಂದು ಅಂದೇ ತಿಳಿದಿತ್ತು. ಆದರೂ ಹೋಗಲಿಲ್ಲ. ಅವನು ಹಿರಿಯ, ಅವನೇ ಒಂದು ಮಾತು ಆಡಿಸಲಿ, ಆಮೇಲೆ ನಾನು ಕಾಲಿಗೆ ಬೀಳುತ್ತೇನೆ ಎಂದುಕೊಂಡೆ. ಹೀಗೆ ನಾಲ್ಕು ವರ್ಷ ಕಳೆಯಿತು. ಮದುವೆಮನೆಗಳಲ್ಲಿ ಬೇರೆಬೇರೆ ಪಂಕ್ತಿಯಲ್ಲಿ ಕುಳಿತೆವು. ಅವನಿಗೆ ಕಾಯಿಲೆಯೆಂದು ಕೇಳಿದಾಗ ಕೊಯ್ಲು ಮುಗಿಸಿ ಹೋಗೋಣವೆಂದುಕೊಂಡೆ. ಕೊಯ್ಲಿಗೆ ಮುನ್ನವೇ ಅವನು ಹೋದ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅತ್ತಿಗೆ ಕೊಟ್ಟಿಗೆಯಿಂದ ಒಂದು ಸನಿಕೆ ತಂದು ನನ್ನ ಮುಂದಿಟ್ಟರು. ಅದಕ್ಕೆ ಹೊಸ ಕಾವು ಹಾಕಿತ್ತು. “ನಿಮ್ಮದೇ ಅಪ್ಪಾ. ನೀವು ಬಂದಾಗ ಕೊಡಬೇಕು ಅಂತ ಇಟ್ಟಿದ್ರು” ಎಂದರು.

ಮೊಮ್ಮಕ್ಕಳ ಪ್ರಶ್ನೆ ನನ್ನನ್ನು ಯಾಕೆ ಬಿಡಲಿಲ್ಲವೆಂದು ಈಗ ಓದುಗರಿಗೆ ತಿಳಿದಿರಬಹುದು. ಒಂದು ಮುಂಜಾವದಲ್ಲಿ, ಸರದಿ ಕಾಯಬೇಕಾಗಿದ್ದ ಕಡೆ ನಾನು ಕ್ಷಣಕ್ಕೆ ಶರಣಾದೆ; ಅಣ್ಣನಿಗೆ ಬಾಯಿ ತೆರೆಯುವ ಅವಕಾಶವನ್ನೂ ಕೊಡಲಿಲ್ಲ. ಆಮೇಲಿನ ನಾಲ್ಕು ವರ್ಷ, ಕ್ಷಣವನ್ನು ಹಿಡಿಯಬೇಕಾಗಿದ್ದ ಕಡೆ ಸರದಿಯನ್ನೆಣಿಸುತ್ತ ಕುಳಿತೆ. ಎರಡೂ ಆಟಗಳ ನಿಯಮ ನನಗೆ ತಿಳಿದಿತ್ತು. ಯಾವುದನ್ನು ಎಲ್ಲಿ ಆಡಬೇಕೆಂಬುದು ತಿಳಿದಿರಲಿಲ್ಲ.

ಆದ್ದರಿಂದ ನನ್ನ ತೀರ್ಪು ಇದು. ಇನ್ನೊಬ್ಬರನ್ನು ನೋಯಿಸಬಲ್ಲ ಎಲ್ಲದಕ್ಕೂ ಸರದಿಯಿರಲಿ. ಕೋಪಕ್ಕೆ, ಆರೋಪಕ್ಕೆ, ದಂಡನೆಗೆ, ಹಂಚಿಕೆಗೆ ಎದುರಿನವನ ನಡೆಯನ್ನು ಕಾಯಲೇಬೇಕು. ಅವನು ದುರ್ಬಲನಾದಷ್ಟೂ ಹೆಚ್ಚು ಕಾಯಬೇಕು. ನ್ಯಾಯಾಲಯದಲ್ಲಿ ಎರಡೂ ಕಡೆಯವರ ಮಾತು ಕೇಳಿಯೇ ತೀರ್ಪು ಕೊಡುವುದು ಇದೇ ತತ್ತ್ವದ ಮೇಲೆ. ಆದರೆ ಸಹಾಯಕ್ಕೆ, ಕ್ಷಮೆಗೆ, ಕ್ಷಮೆ ಕೇಳುವುದಕ್ಕೆ ಸರದಿಯಿಲ್ಲ. ಅಲ್ಲಿ ಮೊದಲು ಯಾರು ಎಂಬ ಪ್ರಶ್ನೆಯನ್ನು ಕೇಳುವವನು ಆಗಲೇ ತಡಮಾಡಿದವನು.

ಇದಕ್ಕೆ ಒಂದು ಆಕ್ಷೇಪವಿದೆ. ಕೋಪ ಬಂದಾಗ ಕಾಯುವುದು ಮನುಷ್ಯನಿಂದಾಗುವ ಮಾತೇ? ಕ್ಷಣವು ನಮ್ಮನ್ನು ಕೇಳಿ ಬರುವುದಿಲ್ಲವಲ್ಲ. ನಿಜ. ಆದರೆ ಅಭ್ಯಾಸವೆಂಬುದೊಂದಿದೆ. ಆಟಗಳ ಪ್ರಯೋಜನ ಅದೇ. 2025ರಲ್ಲಿ ಫ್ರಾನ್ಸಿನಿಂದ ಕ್ಲೇರ್ ಆಬ್ಸ್ಕ್ಯೂರ್ ಎಂಬ ಆಟ ಬಂದಿದೆ. ಮೊಮ್ಮಕ್ಕಳಿಬ್ಬರಿಗೂ ಅದು ಒಪ್ಪಿಗೆಯಾಯಿತು. ಅದರಲ್ಲಿ ನಮ್ಮ ಸರದಿಯಲ್ಲಿ ನಿಧಾನವಾಗಿ ಯೋಚಿಸಿ ನಡೆಯಬಹುದು. ವೈರಿಯ ಸರದಿಯಲ್ಲಿ ಮಾತ್ರ ಕೈಕಟ್ಟಿ ಕೂರುವಂತಿಲ್ಲ. ಏಟು ಬರುವ ಕ್ಷಣವನ್ನರಿತು ತಪ್ಪಿಸಿಕೊಳ್ಳಬೇಕು, ತಡೆಯಬೇಕು. ಹೊಡೆಯುವುದಕ್ಕೆ ನಿಧಾನ, ಕಾಯುವುದಕ್ಕೆ ಚುರುಕು. ಮೊಮ್ಮಗನು ತೋರಿಸಿದಾಗ, ಇದನ್ನು ನನಗೆ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಕಲಿಸಿದ್ದರೆ ಎಂದುಕೊಂಡೆ.

ಈ ಸಾಹಿತ್ಯ ಕೂಟಕ್ಕೆ ತೇನಿಯಿಂದ, ಬೋಡಿಯಿಂದ, ಉತ್ತಮಪಾಳ್ಯದಿಂದ, ದಿಂಡಿಗಲ್ಲಿನಿಂದ ನಮ್ಮ ಕನ್ನಡದ ಕುಟುಂಬಗಳು ಬಂದು ಸೇರುತ್ತವೆ. ಅವರಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರು, ಬೀಗರು ಇರಬಹುದು. ಕಾಫಿಯ ಬಿಡುವಿನಲ್ಲಿ ಎದುರಾದರೆ ದಯಮಾಡಿ ಸರದಿ ಯಾರದೆಂದು ಎಣಿಸಬೇಡಿರಿ. ಆ ಸನಿಕೆ ಈಗಲೂ ನನ್ನ ಮನೆಯಲ್ಲಿದೆ. ನೀರು ಬಿಟ್ಟಾಗ ಅದನ್ನೇ ಹಿಡಿದು ಗದ್ದೆಗೆ ಹೋಗುತ್ತೇನೆ.