ಗೂಡು ತೂಗುಹಾಕಿದವರ ಹೊಣೆ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಸೆಪ್ಟೆಂಬರ್ 1ರಂದು ಆರಂಭವಾಗುವ ಸೃಷ್ಟಿಯ ಕಾಲ ಅಂದಿಗೆ ಮುಗಿಯುತ್ತದೆ. ಎರಡು ವರ್ಷದ ಹಿಂದೆ ಆ ಹಬ್ಬದ ಉತ್ಸಾಹದಲ್ಲಿ ನಮ್ಮ ಕೆಲವು ಕುಟುಂಬಗಳು ಸೇರಿ ಹಲಗೆಯ ಗೂಡುಪೆಟ್ಟಿಗೆಗಳನ್ನು ಮಾಡಿ, ತೋಟಗಳಲ್ಲಿ ತೂಗುಹಾಕಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಗುರುಗಳು ಬಂದು ಆಶೀರ್ವದಿಸಿದರು. ಫೋಟೊ ತೆಗೆಸಿಕೊಂಡೆವು. ಆಮೇಲೆ ಮರೆತುಬಿಟ್ಟೆವು.

ಈಚೆಗೆ ಅವುಗಳಲ್ಲೊಂದನ್ನು ಇಳಿಸಿ ಮುಚ್ಚಳ ತೆಗೆದೆವು. ತಳದಲ್ಲಿ ಮೊದಲ ವರ್ಷದ ಗೂಡು ಒದ್ದೆಯಾಗಿ ಕೊಳೆತಿತ್ತು. ಅದರ ಮೇಲೆಯೇ ಇನ್ನೊಂದು ಗೂಡು. ಅದರೊಳಗೆ ಒಣಗಿಹೋದ ಮೂರು ಚೇಕಡಿ ಮರಿಗಳು. ಅವು ಹಸಿವಿನಿಂದ ಸತ್ತವೋ, ಚಳಿಯಿಂದಲೋ, ನುಸಿಯಿಂದಲೋ ಹೇಳಲಾರೆವು. ಆದರೆ ಪೆಟ್ಟಿಗೆ ನಮ್ಮದು. ಅದನ್ನು ಒಮ್ಮೆಯಾದರೂ ತೆರೆದು ನೋಡದವರೂ ನಾವೇ. ‘ಕಾಡಿನ ಹಕ್ಕಿ, ದೇವರ ಇಚ್ಛೆ’ ಎಂದು ಪಿಲಾತನ ಹಾಗೆ ಕೈತೊಳೆದುಕೊಂಡರೆ ಸಾಕೇ?

ಹಾಗೆ ಹೇಳುವವರಿಗೆ ಶುಭಸಂದೇಶದ ಆಧಾರವೂ ಇದೆ. ಆಕಾಶದ ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ಪರಲೋಕದ ತಂದೆ ಅವುಗಳನ್ನು ಸಾಕುತ್ತಾರೆ ಎಂದು ಯೇಸುಸ್ವಾಮಿ ಬೋಧಿಸಿದರು. ಮರದ ಪೊಟರೆಯನ್ನು ಯಾರು ಗುಡಿಸುತ್ತಾರೆ? ಹಕ್ಕಿಗಳು ನಮ್ಮ ಸಹಾಯವಿಲ್ಲದೆ ಬದುಕಿ ಬಂದಿಲ್ಲವೇ?

ಬಂದಿವೆ. ಆದರೆ ಆಗ ಅವುಗಳಿಗೆ ಆಯ್ಕೆ ಇತ್ತು. ಹಳೆಯ ಮರಗಳಿದ್ದ ಕಡೆ ಪೊಟರೆಗಳು ಹಲವು. ಮರಕುಟಿಗ, ಕುಟ್ರುಹಕ್ಕಿಗಳು ಹೊಸ ರಂಧ್ರ ಕೊರೆದು, ಬಳಸಿ, ಬಿಟ್ಟುಹೋಗುತ್ತವೆ. ಅಲ್ಲಿ ಚೇಕಡಿ, ಮಡಿವಾಳ ಹಕ್ಕಿಗಳು ಸಂಸಾರ ಹೂಡುತ್ತವೆ. ಒಂದು ಪೊಟರೆ ಕೆಟ್ಟರೆ ಇನ್ನೊಂದು. ನಮ್ಮ ನೀಲಗಿರಿಯಲ್ಲಿ ಶೋಲಾ ಕಾಡು, ಹುಲ್ಲುಗಾವಲುಗಳ ಬಹುಪಾಲು ಹೋಗಿ ಚಹಾ, ನೀಲಗಿರಿ ಮರ, ವ್ಯಾಟಲ್ ಬಂದವು. ಹೆಂಚಿನ ಸೂರು, ಕಲ್ಲುಗೋಡೆಯ ಸಂದುಗಳಿದ್ದ ಮನೆಗಳ ಜಾಗದಲ್ಲಿ ಕಾಂಕ್ರೀಟ್ ಬಂತು. ಗುಬ್ಬಚ್ಚಿಯನ್ನು ನಮ್ಮ ತಮಿಳು ಸಹೋದರರು ಚಿಟ್ಟುಕ್ಕುರುವಿ ಎನ್ನುತ್ತಾರೆ. ಮಲಯಾಳಿಗಳು ಅಂಙಾಡಿಕ್ಕುರುವಿ, ಅಂದರೆ ಅಂಗಡಿ ಬೀದಿಯ ಹಕ್ಕಿ ಎನ್ನುತ್ತಾರೆ. ಕಾಳಿನ ಮೂಟೆಗಳ ನಡುವೆ, ಸೂರಿನ ಸಂದಿಯಲ್ಲಿ ಮನುಷ್ಯರ ಜೊತೆಯೇ ಬಾಳಿದ ಆ ಹಕ್ಕಿಗೂ ಇಂದು ಸಂದು ಹುಡುಕುವ ಪಾಡು.

ಹೀಗೆ ನೋಡಿದರೆ ಗೂಡುಪೆಟ್ಟಿಗೆ ನಾವು ಹಕ್ಕಿಗೆ ಕೊಡುವ ದಾನವಲ್ಲ. ಕಿತ್ತುಕೊಂಡದ್ದರಲ್ಲಿ ಒಂದು ಸಣ್ಣ ಪಾಲನ್ನು ಹಿಂದಿರುಗಿಸುವುದು, ಅಷ್ಟೇ. ಪಾಪನಿವೇದನೆಗೆ ಹೋಗುವ ನಮಗೆ ಈ ವ್ಯತ್ಯಾಸ ಗೊತ್ತಿದೆ. ಕದ್ದದ್ದನ್ನು ಹಿಂದಿರುಗಿಸುವಾಗ ಮುರಿದ ವಸ್ತುವನ್ನು ಕೊಟ್ಟು ‘ಕೊಟ್ಟೆನಲ್ಲ’ ಎನ್ನುವಂತಿಲ್ಲ.

ಇನ್ನೊಂದು ಮಾತೂ ಇದೆ. ಮಳೆ ತಾಗದ, ಬೆಕ್ಕಿಗೆ ಎಟುಕದ ಜಾಗವನ್ನು ಹಕ್ಕಿ ಹುಡುಕುತ್ತದೆ. ನಮ್ಮ ಪೆಟ್ಟಿಗೆ ಹೊರಗಿನಿಂದ ಹಾಗೆಯೇ ಕಾಣುತ್ತದೆ. ನಂಬಿ ಒಳಗೆ ಹೋಗುತ್ತದೆ. ಆದರೆ ಹಳೆಯ ಗೂಡಿನಲ್ಲಿ ಚಿಗಟ, ನುಸಿಗಳು ಉಳಿದು, ಮುಂದಿನ ಮರಿಗಳ ರಕ್ತ ಹೀರಲು ಕಾದಿರುತ್ತವೆ. ಗೂಡಿನ ಮೇಲೆ ಗೂಡು ಬಂದು ತಳ ಏರಿದಂತೆ ಮರಿಗಳು ಬಾಗಿಲಿಗೆ ಹತ್ತಿರವಾಗುತ್ತವೆ. ಕಾಗೆಯ ಕೊಕ್ಕಿಗೂ ಬೆಕ್ಕಿನ ಪಂಜಕ್ಕೂ ಸಿಗುತ್ತವೆ. ಪೆಟ್ಟಿಗೆಯೇ ಇಲ್ಲದಿದ್ದರೆ ಆ ಹಕ್ಕಿ ಬೇರೆ ಜಾಗ ಹುಡುಕುತ್ತಿತ್ತೇನೋ. ಪಾಲನೆಯಿಲ್ಲದ ಪೆಟ್ಟಿಗೆ ಬರೀ ಸೋಮಾರಿತನವಲ್ಲ, ನಂಬಿ ಬಂದ ಜೀವಕ್ಕೆ ಮಾಡುವ ಮೋಸ.

ಹಾಗೆಂದು ಪಶ್ಚಾತ್ತಾಪದ ಭರದಲ್ಲಿ ನಾಳೆಯೇ ಏಣಿ ಹಾಕಬೇಡಿ. ಗೂಡು ಕೆದಕುವುದಕ್ಕೂ ಹೊತ್ತುಗೊತ್ತಿದೆ. ಗುಬ್ಬಚ್ಚಿಯ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ ಬೇಕು. ಒಂದು ಸಂಸಾರ ಮುಗಿದ ಕೂಡಲೇ ಅದೇ ಗೂಡಿನಲ್ಲಿ ಇನ್ನೊಂದು ಆರಂಭವಾಗಬಹುದು. ಊಟಿಯ ಚಳಿ, ಗೂಡಲೂರಿನ ಮಳೆ, ಮಸಿನಗುಡಿಯ ಒಣಹವೆ ಬೇರೆ ಬೇರೆ. ಆದ್ದರಿಂದ ಕ್ಯಾಲೆಂಡರಿಗಿಂತ ಕಣ್ಣು ಮುಖ್ಯ. ಹಲವು ದಿನ ದೂರದಿಂದ ನೋಡಿ, ಯಾವ ಹಕ್ಕಿಯೂ ಬಂದುಹೋಗುತ್ತಿಲ್ಲ ಎಂದು ಖಚಿತವಾದ ಮೇಲೆಯೇ ಮುಚ್ಚಳ ತೆಗೆಯಬೇಕು. ಒಳಗೆ ಬೆಚ್ಚಗಿನ ಮೊಟ್ಟೆಯೋ ಮರಿಯೋ ಇದ್ದರೆ ಸದ್ದಿಲ್ಲದೆ ಮುಚ್ಚಿ ಇಳಿದುಬಿಡಬೇಕು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಹಕ್ಕಿಯ ಮೊಟ್ಟೆ, ಗೂಡುಗಳನ್ನು ಕದಡುವುದನ್ನು ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಅದಕ್ಕೂ ಎಷ್ಟೋ ಮೊದಲು, ಗೂಡಿನಲ್ಲಿ ಮರಿಗಳ ಮೇಲೆ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ವಿಧಿಸಿತ್ತು.

ಕೈಕಟ್ಟಿ ಕಾಯುವುದೂ ಪಾಲನೆಯೇ. 2020ರಲ್ಲಿ ನಮ್ಮ ರಾಜ್ಯದ ಶಿವಗಂಗೆ ಜಿಲ್ಲೆಯ ಪೊತ್ತಕುಡಿ ಎಂಬ ಹಳ್ಳಿಯಲ್ಲಿ ಬೀದಿದೀಪದ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಪುಟ್ಟ ಹಕ್ಕಿಯೊಂದು ಮೊಟ್ಟೆಯಿಟ್ಟಿತು. ಮರಿಗಳು ಹಾರುವ ತನಕ, ಒಂದು ತಿಂಗಳಿಗೂ ಹೆಚ್ಚು ಕಾಲ, ಊರವರು ದೀಪ ಹಾಕದೆ ಕತ್ತಲಲ್ಲೇ ನಡೆದಾಡಿದರು. ಆ ಹಕ್ಕಿಯನ್ನು ಅವರು ಕರೆದಿರಲಿಲ್ಲ. ನಾವಾದರೋ ಕರೆದವರು.

ಕೆಲಸ ದೊಡ್ಡದಲ್ಲ. ಮೂಗಿಗೆ ಬಟ್ಟೆ, ಕೈಗೆ ಗವಸು ಹಾಕಿಕೊಳ್ಳಿ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಏಣಿ ಹಿಡಿಯಲು ಇನ್ನೊಬ್ಬರು ಇರಲಿ. ಹಳೆಯ ಗೂಡನ್ನು ಪೂರ್ತಿ ತೆಗೆದು, ಮೂಲೆಗಳನ್ನು ಕೆರೆದು, ಕುದಿಯುವ ನೀರು ಹುಯ್ಯಿರಿ. ಫಿನೈಲ್, ಕೀಟನಾಶಕ ಬೇಡ. ಅದರ ಅಂಶ ಮರಿಗಳ ಮೈಗೆ ತಾಗುತ್ತದೆ. ಮುಚ್ಚಳ ತೆರೆದಿಟ್ಟು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ತಳದ ನೀರು ಇಳಿಯುವ ತೂತು ಕಟ್ಟಿದೆಯೇ, ಹಲಗೆ ಬಿರಿದಿದೆಯೇ, ಮೊಳೆ ಸಡಿಲಾಗಿದೆಯೇ ನೋಡಿ. ಬಾಗಿಲಿನ ರಂಧ್ರ ಚೇಕಡಿಗೆ 28 ಮಿಲಿಮೀಟರ್, ಗುಬ್ಬಚ್ಚಿಗೆ 32 ಮಿಲಿಮೀಟರ್ ಇದ್ದರೆ ಸಾಕು. ಮಂಗಗಳು ಮುಚ್ಚಳ ಕೀಳದಂತೆ ಕೊಂಡಿ ಹಾಕಿ.

ಏದೆನಿನ ತೋಟದಲ್ಲಿ ದೇವರು ಮನುಷ್ಯನಿಗೆ ಎರಡು ಕೆಲಸ ಕೊಟ್ಟರು: ವ್ಯವಸಾಯ ಮಾಡುವುದು, ಕಾಯುವುದು. ಮೊದಲನೆಯದರಲ್ಲಿ ನಾವು ಚುರುಕು. ಹೊಸ ಸಂಘ ಆರಂಭಿಸುತ್ತೇವೆ, ಹೊಸ ಸ್ವರೂಪ ಪ್ರತಿಷ್ಠಾಪಿಸುತ್ತೇವೆ, ಸಸಿ ನೆಡುತ್ತೇವೆ. ಎರಡನೆಯದಕ್ಕೆ ಚಪ್ಪಾಳೆ ಇಲ್ಲ, ಫೋಟೊ ಇಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಮನೆ ಎಂದ ಮೇಲೆ ಕಸ ಗುಡಿಸುವ ಕೆಲಸವೂ ಇರುತ್ತದೆ.

ನವೆಂಬರ್ 2ರ ಮೃತರ ಸ್ಮರಣೆಗೆ ಮುನ್ನ ನಾವು ಯಾರೂ ಹೇಳದೆಯೇ ಕುದ್ದಾಲಿ ಹಿಡಿದು ಹಿರಿಯರ ಸಮಾಧಿಗಳನ್ನು ಶುಚಿಮಾಡುತ್ತೇವೆ. ಅದೇ ವಾರದಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ, ಗೂಡು ಖಾಲಿ ಎಂದು ಖಚಿತಪಡಿಸಿಕೊಂಡು, ಪೆಟ್ಟಿಗೆಗಳನ್ನೂ ಶುಚಿಮಾಡೋಣ. ಪ್ರತಿ ಪೆಟ್ಟಿಗೆಗೆ ಒಂದು ಕುಟುಂಬ ಹೊಣೆ ಹೊರಲಿ. ವಯಸ್ಸಾಯಿತು, ಏಣಿ ಹತ್ತಲಾಗದು, ಮಕ್ಕಳು ಬೆಂಗಳೂರಿಗೋ ಕೊಯಮತ್ತೂರಿಗೋ ಹೋದರು ಎನ್ನುವವರು ಸಂಕೋಚವಿಲ್ಲದೆ ಹೇಳಲಿ, ಇನ್ನೊಬ್ಬರು ವಹಿಸಿಕೊಳ್ಳುತ್ತಾರೆ. ಯಾರೂ ಇಲ್ಲದಿದ್ದರೆ ಆ ಪೆಟ್ಟಿಗೆಯನ್ನು ಇಳಿಸಿಬಿಡೋಣ; ಅದರಲ್ಲಿ ನಾಚಿಕೆಯಿಲ್ಲ.

ಆ ಮೂರು ಮರಿಗಳನ್ನು ಗುಲಾಬಿ ಗಿಡದ ಬುಡದಲ್ಲಿ ಹೂತೆವು. ಪೆಟ್ಟಿಗೆ ತೊಳೆದು ಬಿಸಿಲಿಗೆ ಇಟ್ಟಿದ್ದೇವೆ. ಒಣಗಿದ ಮೇಲೆ ಅದೇ ಮರಕ್ಕೆ ಕಟ್ಟುತ್ತೇವೆ. ಈ ಸಲ ಅದರ ಹೊಣೆ ಯಾರದೆಂದು ಮೊದಲೇ ಬರೆದಿಟ್ಟುಕೊಂಡಿದ್ದೇವೆ.