ಛತ್ರದ ಅಡ್ವಾನ್ಸ್ ಯಾರ ದುಡ್ಡು?

ಮದುವೆ ಛತ್ರ ಬುಕ್ ಮಾಡಿದಾಗ ಕೊಡುವ ರಸೀದಿಯ ಹಿಂಭಾಗವನ್ನು ಯಾರೂ ಓದುವುದಿಲ್ಲ. ಮುಂದೆ ಗಣಪತಿ, ತಾರೀಖು, ಹುಡುಗ ಹುಡುಗಿಯ ಹೆಸರು, ಕೊಟ್ಟ ಮೊತ್ತ. ಹಿಂದೆ ಸಣ್ಣಕ್ಷರದಲ್ಲಿ ಹತ್ತೋ ಹದಿನೈದೋ ನಿಯಮ. ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು, ಜನರೇಟರ್‌ಗೆ ಡೀಸೆಲ್ ಪ್ರತ್ಯೇಕ. ಇವುಗಳ ನಡುವೆ ಒಂದು ಸಾಲು: ಯಾವುದೇ ಕಾರಣಕ್ಕೂ ಮುಂಗಡ ಹಣ ವಾಪಸ್ ಕೊಡಲಾಗುವುದಿಲ್ಲ.

"ಯಾವುದೇ ಕಾರಣಕ್ಕೂ" ಅನ್ನೋದು ದೊಡ್ಡ ಮಾತು. ಅದರೊಳಗೆ ಸಾವು, ಕಾಯಿಲೆ, ಲಾಕ್‌ಡೌನ್ ಎಲ್ಲಾ ಸೇರುತ್ತೆ. ಒಬ್ಬ ಹುಡುಗಿ "ನನಗೆ ಈ ಮದುವೆ ಬೇಡ" ಅನ್ನೋದೂ ಸೇರುತ್ತೆ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮದುವೆ ನಿಂತಿತು. ನಿಲ್ಲಿಸಿದವಳು ಅವಳೇ. ಕಾರಣ ಅವಳದ್ದು, ಇಲ್ಲಿ ಬೇಡ. ಅವಳು ಓದಿ ಹೂಂ ಅಂದ ಮೇಲೇ ಇದನ್ನು ಹಾಕುತ್ತಿದ್ದೇನೆ. ವೈಶಾಖದ ಮುಹೂರ್ತಕ್ಕೆ ಇನ್ನೂ ಎಪ್ಪತ್ತು ದಿನ ಇತ್ತು. ಹುಡುಗನ ಕಡೆಯವರು ಬೆಂಗಳೂರಿನವರಾದ್ದರಿಂದ ಛತ್ರ ಇಲ್ಲೇ ಹಿಡಿದಿದ್ದೆವು. ಬಾಡಿಗೆ 3 ಲಕ್ಷ, ಅದರಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್. ಛತ್ರದ ಖರ್ಚು ಹೆಣ್ಣಿನ ಕಡೆಯವರದ್ದು ಅನ್ನೋದು ನಮ್ಮಲ್ಲಿ ನಡೆದು ಬಂದಿದ್ದು, ಹಾಗಾಗಿ ಕೊಟ್ಟಿದ್ದು ಅಪ್ಪ. ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ ಇರುವ ಅಪ್ಪ.

ಆ ಒಂದೂವರೆ ಲಕ್ಷದ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯ ಇತ್ತು.

ಸೋದರಮಾವನದ್ದು ಮೊದಲನೆಯದು. "ಛತ್ರಕ್ಕೆ ಕೊಟ್ಟಾಗಿದೆ, ಅಡುಗೆಯವರಿಗೆ ಹೇಳಿ ಆಗಿದೆ. ಈಗ ಬಿಡೋದು ಅಂದ್ರೆ ಏನು? ಹೊಂದ್ಕೊಂಡು ಹೋಗ್ಲಿ." ಮಾವ ಕೆಟ್ಟವರಲ್ಲ. ತಂಗಿಯ ಪಿಯುಸಿ ಫೀಸು ಕಟ್ಟಿದವರೇ ಅವರು. ಆದರೆ ಹೋದ ದುಡ್ಡಿನ ಹಿಂದೆ ಒಂದು ಜೀವವನ್ನೂ ಕಳಿಸಬೇಕು ಅಂತ ಹೇಳ್ತಾ ಇದ್ದೇನೆ ಅನ್ನೋದು ಅವರಿಗೆ ಹೊಳೆದಿರಲಿಲ್ಲ.

ಅಪ್ಪನದ್ದು ಎರಡನೆಯದು. ಮದುವೆ ಬೇಡ ಅನ್ನೋದಕ್ಕೆ ಅವರು ಒಂದೇ ರಾತ್ರಿಯಲ್ಲಿ ಒಪ್ಪಿಕೊಂಡಿದ್ದರು. ದುಡ್ಡು ವಾಪಸ್ ಕೇಳೋದಕ್ಕೆ ಮಾತ್ರ ಒಪ್ಪಲಿಲ್ಲ. "ಮಾತು ಕೊಟ್ಟು ತಪ್ಪಿದೋರು ನಾವು. ಯಾವ ಮುಖ ಇಟ್ಕೊಂಡು ಕೇಳೋದು?"

ಮೂರನೆಯದು ತಂಗಿಯದು. "ಆ ದುಡ್ಡು ಹೋದ್ರೆ ಅದು ನನ್ನ ಲೆಕ್ಕಕ್ಕೆ ಬರುತ್ತೆ ಅಣ್ಣ. ಪ್ರತಿ ಹಬ್ಬದಲ್ಲೂ ಯಾರಾದ್ರೂ ಎತ್ತುತಾರೆ. ಕೇಳಿ ನೋಡು."

ನಾನು ತಂಗಿಯ ಪರ. ಆದರೆ ಅಪ್ಪನ ಮಾತನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕುವುದು ಸುಲಭ, ನ್ಯಾಯ ಅಲ್ಲ. ಕೊಟ್ಟ ಮಾತು ಮುರಿದಾಗ ಏನಾದರೂ ತೆರಬೇಕು ಅನ್ನೋದು ನಿಜವೇ. ಪ್ರಶ್ನೆ ಇರೋದು ಯಾರಿಗೆ, ಎಷ್ಟು ಅನ್ನೋದರಲ್ಲಿ.

ಇಲ್ಲಿ ನಾವು ಕೊಟ್ಟಿದ್ದು ಎರಡು ಮಾತು. ಒಂದು ಹುಡುಗನ ಮನೆಯವರಿಗೆ. ಅದನ್ನು ಮುರಿದದ್ದಕ್ಕೆ ಅಪ್ಪ ತಾವೇ ಹೋಗಿ, ನಿಶ್ಚಿತಾರ್ಥದ ಉಂಗುರ, ಸೀರೆ ವಾಪಸ್ ಕೊಟ್ಟು, ಕೈಮುಗಿದು ಬಂದರು. ಅದರ ನೋವು ಅಲ್ಲಿಗೇ ತೀರಲಿಲ್ಲ, ತೀರುವಂಥದ್ದೂ ಅಲ್ಲ. ಇನ್ನೊಂದು ಮಾತು ಛತ್ರದವರಿಗೆ: ಇಂಥ ದಿನ ನಿಮ್ಮ ಜಾಗ ನಮಗೆ ಬೇಕು ಅಂತ. ಅದು ವ್ಯಾಪಾರದ ಮಾತು. ಮೊದಲನೆಯದರ ತಪ್ಪುಗಾಣಿಕೆಯನ್ನು ಎರಡನೆಯವರ ಹುಂಡಿಗೆ ಹಾಕುವುದರಲ್ಲಿ ಅರ್ಥ ಇಲ್ಲ. ಹುಡುಗನ ಮನೆಯವರಿಗೆ ಅದರಿಂದ ಸಮಾಧಾನವೂ ಇಲ್ಲ.

ಮುಂಗಡಕ್ಕೆ ಕನ್ನಡದಲ್ಲಿ ಒಂದು ಹಳೆಯ ಹೆಸರಿದೆ, ಸಂಚಕಾರ. ಸಂಸ್ಕೃತದ ಸತ್ಯಂಕಾರದಿಂದ ಬಂದದ್ದು. ಅಂದರೆ ಮಾತನ್ನು ಸತ್ಯ ಮಾಡುವುದು. ಬಾಯಲ್ಲಿ ಆಡಿದ ಮಾತಿಗೆ ಒಂದಿಷ್ಟು ದುಡ್ಡಿನ ತೂಕ ಕಟ್ಟುವುದು. ಈಗ ಆ ಪದ ನಮಗೆ ಪೇಪರಿನಲ್ಲಿ ಸಿಗೋದು "ಜೀವಕ್ಕೆ ಸಂಚಕಾರ" ಅಂತ, ಕುತ್ತು ಅನ್ನೋ ಅರ್ಥದಲ್ಲಿ. ಈ ಅರ್ಥ ಹೇಗೆ ಹೊರಳಿತೋ ಭಾಷೆ ಬಲ್ಲವರು ಹೇಳಬೇಕು. ನಮ್ಮ ಮನೆಯಲ್ಲಿ ಮಾತ್ರ ಅದು ಒಂದೇ ವಾರದಲ್ಲಿ ಹೊರಳಿದ್ದನ್ನು ನೋಡಿದೆ. ಛತ್ರದ ತಾರೀಖನ್ನು ಗಟ್ಟಿ ಮಾಡಲು ಕೊಟ್ಟ ದುಡ್ಡು, ಮದುವೆಯನ್ನೇ ಗಟ್ಟಿ ಮಾಡೋಕೆ ಹೊರಟಿತ್ತು.

ಹಾಗಾದರೆ ಅಡ್ವಾನ್ಸ್ ಇರೋದು ಯಾಕೆ? ನನಗೆ ಕಾಣುವಂತೆ ನ್ಯಾಯವಾದ ಕಾರಣ ಎರಡು. ಬಂದವರು ನಿಜವಾಗಿ ಬಂದಿದ್ದಾರೆ ಅನ್ನೋ ಖಾತ್ರಿ ಒಂದು. ಅವರು ಕೈಕೊಟ್ಟರೆ ಆಗುವ ನಷ್ಟಕ್ಕೆ ಭದ್ರತೆ ಇನ್ನೊಂದು. ಮೂರನೆಯ ಕಾರಣ ಒಂದನ್ನು ನಾವೇ ಒಳಗೊಳಗೆ ಸೇರಿಸಿಬಿಟ್ಟಿದ್ದೇವೆ, ಶಿಕ್ಷೆ. ಆದರೆ ನಮ್ಮ ತಪ್ಪಿಗೆ ಶಿಕ್ಷೆ ಕೊಡುವ ಅಧಿಕಾರವನ್ನು ಛತ್ರದ ಮ್ಯಾನೇಜರ್‌ಗೆ ಕೊಟ್ಟವರು ಯಾರು?

ಕಾನೂನೂ ಹೆಚ್ಚುಕಮ್ಮಿ ಇದನ್ನೇ ಕೇಳುತ್ತೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದುಕೊಂಡಿದ್ದರೂ ಸಿಗಬೇಕಾದ್ದು ಸಮಂಜಸವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ ಅಷ್ಟೇ. 2015ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸು ಬಂತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನವನ್ನು 3.12 ಕೋಟಿಗೆ ಹರಾಜು ಹಾಕಿ, ಕಾಲು ಭಾಗ ಅಂದರೆ 78 ಲಕ್ಷ ಮುಂಗಡ ಪಡೆದಿತ್ತು. ವ್ಯವಹಾರ ಮುರಿಯಿತು, ಪ್ರಾಧಿಕಾರ ಮುಂಗಡ ಮುಟ್ಟುಗೋಲು ಹಾಕಿಕೊಂಡಿತು. ಆಮೇಲೆ ಅದೇ ಜಾಗವನ್ನು 11.78 ಕೋಟಿಗೆ ಮಾರಿತು. ಇಲ್ಲಿ ಕರಾರು ಮುರಿದದ್ದು ಖರೀದಿದಾರರಲ್ಲ ಅಂತ ಕೋರ್ಟ್ ಹೇಳಿತು. ಅದರ ಜೊತೆಗೇ, ನಷ್ಟವೇ ಆಗದೆ ಇರುವಾಗ ಪರಿಹಾರ ಎಲ್ಲಿಂದ ಬಂತು ಅಂತಲೂ ಕೇಳಿ, 78 ಲಕ್ಷ ವಾಪಸ್ ಕೊಡಿಸಿತು.

ಹಾಗಂತ ಛತ್ರದವರೆಲ್ಲ ಕಳ್ಳರು ಅಂತ ಅಲ್ಲ. ಅವರ ಕಡೆಯಿಂದಲೂ ನೋಡಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದ ತಿಂಗಳಲ್ಲೂ ಒಳ್ಳೆ ಮುಹೂರ್ತ ಬೆರಳೆಣಿಕೆ. ವಾಚ್‌ಮನ್‌ಗೆ, ಕ್ಲೀನಿಂಗ್‌ನವರಿಗೆ ಹನ್ನೆರಡು ತಿಂಗಳೂ ಸಂಬಳ. ಎರಡು ಮೂರು ಕಡೆ ಬುಕ್ ಮಾಡಿಟ್ಟು ಕೊನೇ ಗಳಿಗೆಯಲ್ಲಿ ಒಂದನ್ನು ಬಿಡುವವರೂ ಇದ್ದಾರೆ. ಮದುವೆಗೆ ಐದು ದಿನ ಇದ್ದಾಗ ಬೇಡ ಅಂದರೆ ಆ ಹಾಲ್ ಖಾಲಿ ಬೀಳೋದೇ, ಆಗ ಅಡ್ವಾನ್ಸ್ ಪೂರ್ತಿ ಇಟ್ಟುಕೊಂಡರೂ ಅವರಿಗೆ ನಷ್ಟವೇ. ಆದರೆ ವೈಶಾಖದ ಮುಹೂರ್ತಕ್ಕೆ ಎಪ್ಪತ್ತು ದಿನ ಇದ್ದಾಗ? ರೈಲ್ವೆಯವರು ಕೂಡ ಟಿಕೆಟ್ ರದ್ದು ಮಾಡಿದರೆ ಹೊರಡುವ ಹೊತ್ತು ಹತ್ತಿರ ಬಂದಷ್ಟೂ ಹೆಚ್ಚು ಹಿಡಿಯುತ್ತಾರೆ, ದೂರ ಇದ್ದರೆ ಕಡಿಮೆ. ಆ ತರ್ಕ ಯಾರಿಗೂ ಅರ್ಥವಾಗುವಂಥದ್ದು.

ಇದೆಲ್ಲ ಅಪ್ಪನಿಗೆ ಹೇಳಿದರೆ ತಲೆ ಆಡಿಸಿದರೇ ಹೊರತು ಏಳಲಿಲ್ಲ. ಆಗ ನನಗೆ ನೆನಪಾಗಿದ್ದು ಖೇಣಿ. ನಮ್ಮ ಕಡೆ ಅಡಿಕೆ ಇನ್ನೂ ಮರದ ಮೇಲಿರುವಾಗಲೇ ಕೊಯ್ಲನ್ನು ವ್ಯಾಪಾರಿಗೆ ಮಾತಾಡಿ ಕೊಡುವುದು ರೂಢಿ. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಖೇಣಿದಾರ ನಲವತ್ತು ಸಾವಿರ ಮುಂಗಡ ಕೊಟ್ಟು, ಕೊಯ್ಲಿಗೆ ತಿಂಗಳಿರುವಾಗ ಆಗಲ್ಲ ಅಂದ. ಅಪ್ಪ ಬೇರೆಯವನನ್ನು ಹುಡುಕಿದರು. ಅವನು ಹತ್ತು ಸಾವಿರ ಕಡಿಮೆಗೆ ಒಪ್ಪಿದ. ಅಪ್ಪ ಆ ಹತ್ತು ಸಾವಿರ ಹಿಡಿದುಕೊಂಡು ಮೂವತ್ತು ವಾಪಸ್ ಕೊಟ್ಟರು. ಕಾಗದ ಪತ್ರ ಏನೂ ಇರಲಿಲ್ಲ. ಕೊಡದೇ ಇದ್ದಿದ್ದರೆ ಊರಲ್ಲಿ ಯಾರೂ ಕೇಳುತ್ತಿರಲಿಲ್ಲ.

"ಅವತ್ತು ಅವನಿಗೆ ಯಾಕೆ ವಾಪಸ್ ಕೊಟ್ಟೆ?" ಅಂದೆ.

"ಅವನು ಬಂದು ಕೇಳಿದ್ನಲ್ಲ" ಅಂದರು ಅಪ್ಪ. ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡಿ ಹೋಗಿ ಬರೋಣ" ಅಂದರು.

ಮ್ಯಾನೇಜರ್ ಮೊದಲು ರಸೀದಿ ತಿರುಗಿಸಿ ಆ ಸಾಲು ತೋರಿಸಿದರು. ನಾವು ಜಗಳ ಆಡಲಿಲ್ಲ. ಆ ತಾರೀಖಿಗೆ ಬೇರೆಯವರು ಬಂದರೆ ನಿಮಗೆ ಆದ ನಷ್ಟ ಹಿಡಿದುಕೊಂಡು ಉಳಿದದ್ದು ಕೊಡಿ, ಬರದಿದ್ದರೆ ನೀವೇ ಇಟ್ಟುಕೊಳ್ಳಿ ಅಂದೆವು. ಅದನ್ನೇ ಒಂದು ಹಾಳೆಯಲ್ಲಿ ಬರೆದು, ರದ್ದು ಮಾಡಿದ ದಿನ ನಮೂದಿಸಿ, ಸಹಿ ಹಾಕಿ ಕೊಟ್ಟು, ನಮ್ಮ ಪ್ರತಿಗೆ ಅವರ ಸೀಲು ಹಾಕಿಸಿಕೊಂಡೆವು. ಮೂರು ವಾರ ಸುದ್ದಿ ಇಲ್ಲ. ನಾನು ಗ್ರಾಹಕರ ಆಯೋಗಕ್ಕೆ ದೂರು ಬರೆಯೋಕೆ ಕೂತಿದ್ದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಅಷ್ಟರಲ್ಲಿ ಅವರೇ ಫೋನ್ ಮಾಡಿದರು. ಬೇರೆ ಪಾರ್ಟಿ ಬಂದಿತ್ತು, 2 ಲಕ್ಷ 70 ಸಾವಿರಕ್ಕೆ. ಬುಕಿಂಗ್ ಪುಸ್ತಕ ತೆಗೆದು ತೋರಿಸಿದರು. ಕಡಿಮೆ ಬಂದ 30 ಸಾವಿರ, ಓಡಾಟಕ್ಕೆ ಅಂತ ಇನ್ನೊಂದು 5 ಸಾವಿರ ಹಿಡಿದು, 1 ಲಕ್ಷ 15 ಸಾವಿರ ಅಪ್ಪನ ಖಾತೆಗೆ ಹಾಕಿದರು.

ಮೂವತ್ತೈದು ಸಾವಿರ ಹೋಯಿತಲ್ಲ ಅಂತ ಮಾವ ಈಗಲೂ ಅನ್ನುತ್ತಾರೆ. ನನಗೆ ಅದು ಹೋದ ದುಡ್ಡು ಅನ್ನಿಸುವುದಿಲ್ಲ. ನಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟ, ಅದನ್ನು ನಾವು ತುಂಬಿದೆವು. ತಂಗಿಯ ಧೈರ್ಯದ ಖರ್ಚನ್ನು ಛತ್ರದವರು ಹೊರಬೇಕಿಲ್ಲ. ಹಾಗೆಯೇ ಆ ಧೈರ್ಯದ ಮೇಲೆ ಅವರು ಲಾಭ ಮಾಡಿಕೊಳ್ಳಲೂಬಾರದು. ಒಂದೇ ತಾರೀಖಿಗೆ ಎರಡು ಕಡೆಯಿಂದ ದುಡ್ಡು ಇಟ್ಟುಕೊಂಡರೆ ಅದು ಬಾಡಿಗೆಯಲ್ಲ, ಬೇರೆಯವರ ಮನೆಯ ಕಷ್ಟದ ಮೇಲಿನ ಕಮಿಷನ್.

ಇದು ಬರೀ ಒಂದು ಲಕ್ಷದ ಮಾತಲ್ಲ. ಅಡ್ವಾನ್ಸ್ ವಾಪಸ್ ಬರೋದೇ ಇಲ್ಲ ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟ ಊರಿನಲ್ಲಿ, ಬೇಡ ಅನ್ನುವ ಮಾತು ದಿನದಿನಕ್ಕೂ ತುಟ್ಟಿಯಾಗುತ್ತಾ ಹೋಗುತ್ತೆ. ಛತ್ರ, ಅಡುಗೆ, ಫೋಟೋ, ಡೆಕೊರೇಶನ್, ಒಂದೊಂದು ರಸೀದಿಯೂ ಹುಡುಗಿಯ ಗಂಟಲ ಮೇಲೆ ಒಂದೊಂದು ಕಲ್ಲು. ಹುಡುಗನ ಗಂಟಲ ಮೇಲೂ ಅಷ್ಟೇ. ಹೇಳಬೇಕಾದ್ದನ್ನು ನುಂಗಿಕೊಂಡು ಮಂಟಪದ ತನಕ ಬಂದವರು ನಿಮ್ಮ ಆಫೀಸಿನಲ್ಲೂ ಇರಬಹುದು, ವಿಚಾರಿಸಿ ನೋಡಿ.

ಇದಕ್ಕೆ ನಾವು ಮಾಡಬಹುದಾದ ಕೆಲಸ ಒಂದಿದೆ, ಸಣ್ಣದು. ಛತ್ರ ಬುಕ್ ಮಾಡುವ ದಿನವೇ ಕೇಳುವುದು: ಅಕಸ್ಮಾತ್ ರದ್ದಾದರೆ ಎಷ್ಟು ದಿನ ಮೊದಲು ಹೇಳಿದರೆ ಎಷ್ಟು ವಾಪಸ್, ಬೇರೆಯವರು ಬಂದರೆ ಏನು. ಅದನ್ನು ರಸೀದಿಯಲ್ಲಿ ಬರೆಸುವುದು. ಪಕ್ಕದಲ್ಲಿ ನಿಂತ ಹಿರಿಯರು "ಶುಭ ಕೆಲಸಕ್ಕೆ ಬಂದು ಇದೆಂಥ ಅಪಶಕುನದ ಮಾತು" ಅಂತ ಗದರುತ್ತಾರೆ, ಗದರಲಿ. ಈ ವರ್ಷ ಚಿಕ್ಕಪ್ಪನ ಮಗನ ಮದುವೆಗೆ ಛತ್ರ ನೋಡೋಕೆ ಹೋದಾಗ ಆ ಪ್ರಶ್ನೆಯನ್ನು ಅಪ್ಪನೇ ಕೇಳಿದರು. ಮದುವೆ ಸುಸೂತ್ರವಾಗಿ ಆಯಿತು.