ತೈಮೂರ ಬರೆದುಕೊಟ್ಟ ರಾಜ್ಯಗಳು

ಕಲಬುರಗಿಯ ರೋಜಾಕ್ಕೆ ಬರುವವರೆಲ್ಲ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಹೋಗುತ್ತಾರೆ. ಸಮೀಪದ ಹಫ್ತ್ ಗುಂಬಜ್‌ ಕಡೆ ತಿರುಗುವವರು ಕಡಿಮೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಗೋರಿ 1397ರಲ್ಲಿ ಕಲಬುರಗಿಯ ಪಟ್ಟವೇರಿದ ಸುಲ್ತಾನ ಫಿರೋಜ್ ಶಾಹ ಬಹಮನಿಯದು. ಸುತ್ತಲ ರಾಜ್ಯಗಳು ಅವನ ಏಳಿಗೆಯನ್ನು ಕಂಡ ಬಗೆಯನ್ನು ಓದುವಾಗ ನನಗೆ ಇವತ್ತಿನ ಪತ್ರಿಕೆಯ ವಿದೇಶ ಪುಟವೇ ನೆನಪಾಗುತ್ತದೆ.

ಎರಡು ಶತಮಾನದ ಬಳಿಕ ಬಿಜಾಪುರದಲ್ಲಿ ಕೂತು ಇತಿಹಾಸಕಾರ ಫಿರಿಶ್ತಾ ಬರೆದಿಟ್ಟದ್ದು ಇದು. ದಿಲ್ಲಿಯನ್ನು ಸೂರೆಗೈದ ತೈಮೂರನಿಗೆ ಫಿರೋಜ್ ಕಾಣಿಕೆ ಕಳಿಸಿದ. ಹಿಗ್ಗಿದ ತೈಮೂರ ಮಾಳವ, ಗುಜರಾತುಗಳನ್ನು ಅವನಿಗೆ ಬರೆದುಕೊಟ್ಟ. ಕೊಟ್ಟವನ ಕೈಯಲ್ಲಿ ಆ ರಾಜ್ಯಗಳಿರಲಿಲ್ಲ. ಪಡೆದವನ ಕೈಗೂ ಬರಲಿಲ್ಲ. ಆದರೂ ಆ ಕಾಗದಕ್ಕೆ ಎರಡೂ ಬೆದರಿದವು. ಕಲಬುರಗಿಗೆ ‘ನಾವು ಅಣ್ಣತಮ್ಮಂದಿರು’ ಎಂದು ಹೇಳಿಕಳಿಸಿ, ಒಳಗೊಳಗೇ ವಿಜಯನಗರದ ರಾಯನಿಗೆ ಬೆಂಬಲದ ಮಾತು ಕೊಟ್ಟವು. ಒಂದೇ ಧರ್ಮವೆಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಮುಂದೆ ಫಿರೋಜ್ ರಾಯನ ಮಗಳನ್ನೇ ಮದುವೆಯಾದ. ಬೀಳ್ಕೊಡಲು ಬಂದ ಮಾವ ಪಾಳೆಯದವರೆಗೂ ಬರದೆ ದಾರಿಯಲ್ಲೇ ಹಿಂತಿರುಗಿದ್ದು ಅಳಿಯನಿಗೆ ಅವಮಾನವೆನಿಸಿತಂತೆ. ನಂಟಸ್ತನದಲ್ಲೂ ಹೆಜ್ಜೆ ಎಣಿಸುವ ಚಾಳಿ!

ಬಂದೇ ನವಾಜರು ದಿಲ್ಲಿಯ ಏಳುಬೀಳನ್ನು ಕಣ್ಣಾರೆ ಕಂಡವರು. ತುಘಲಕ್ ರಾಜಧಾನಿ ಬದಲಿಸಿದಾಗ ಮಗುವಾಗಿ ದೌಲತಾಬಾದಿಗೆ ಹೋಗಿ ಮರಳಿದವರು, ತೈಮೂರ ಬಂದಾಗ ಇಳಿವಯಸ್ಸಿನಲ್ಲಿ ದಿಲ್ಲಿ ಬಿಟ್ಟವರು. ಅವರನ್ನು ಆದರದಿಂದ ಬರಮಾಡಿಕೊಂಡ ಫಿರೋಜನೇ, ಅವರಲ್ಲಿಗೆ ಬರುವ ಜನಸಂದಣಿ ಕಂಡು, ಕೋಟೆಯಿಂದ ದೂರ ಹೋಗಿರೆಂದ. ನೆರೆಯವರು ತನ್ನನ್ನು ನೋಡುತ್ತಿದ್ದ ಕಣ್ಣಿನಿಂದಲೇ ಅವನು ಒಬ್ಬ ಸೂಫಿಯನ್ನು ನೋಡಿದ. 1422ರಲ್ಲಿ ಇಬ್ಬರೂ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು.

ಬೆದರಿಸಿದವನೂ ಹೋದ, ಬೆದರಿದವರೂ ಉಳಿಯಲಿಲ್ಲ. ಮಾಳವವನ್ನು 1531ರಲ್ಲಿ ಗುಜರಾತ್ ನುಂಗಿತು. ಗುಜರಾತನ್ನು 1573ರಲ್ಲಿ ಅಕ್ಬರ್. ವಿಜಯನಗರ 1565ರಲ್ಲಿ ಕುಸಿಯಿತು. ಇವತ್ತು ಚೀನಾ ಬೆಳೆಯುತ್ತಿದೆಯೆಂದು ನಾವು ಕಳವಳಪಡುತ್ತೇವೆ. ನೇಪಾಳ, ಮಾಲ್ದೀವ್ಸ್‌ಗಳಲ್ಲಿ ನಮ್ಮ ಬಗ್ಗೆಯೂ ಅಂಥದೇ ಶಂಕೆ ಉಂಟು. ಈ ನೋಟಗಳೂ ಬದಲಾಗುತ್ತವೆ, ಬೇಗನೇ ಬದಲಾಗುತ್ತವೆ. ಆದರೆ ಅವು ಇರುವಷ್ಟು ಕಾಲ ದಂಡು ಹೊರಡಿಸಬಲ್ಲವು ಎಂಬುದೇ ನನ್ನ ಚಿಂತೆ. ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗಾಗಿ ಕಲಬುರಗಿಯೂ ವಿಜಯನಗರವೂ ತಲೆಮಾರುಗಟ್ಟಲೆ ಕಾದಾಡಿದವು. ಅಲ್ಲಿ ಜೋಳ ಬಿತ್ತಿದವರಿಗೆ ಯಾರ ಏಳಿಗೆಯೂ ಬೇಕಿರಲಿಲ್ಲ, ಸುಗ್ಗಿ ಮುಗಿಯುವ ತನಕ ಕುದುರೆಗಳು ಬಾರದಿದ್ದರೆ ಸಾಕಿತ್ತು.